ಮರಣಕ್ಕೆ ಇಟ್ಟ ಹೆಸರುಗಳು: ಜೀವ ಮರಣಗಳನ್ನು ಕುರಿತು ಒಂದು ಪಾಠ

ಓದತಕ್ಕ ಭಾಗಗಳು: ಯೋಹಾನನ ಸುವಾರ್ತೆ 11ನೇ ಅಧ್ಯಾಯ; ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆ 15ನೇ ಅಧ್ಯಾಯ.

ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳ ಹಳ್ಳಿಗಳಲ್ಲಿ ಹಿರಿಯರೊಬ್ಬರು ಮೃತರಾದರೆ "ಸತ್ತರು" ಎಂದು ನೆಟ್ಟಗೆ ಹೇಳುವವರು ಕಡಿಮೆ. ತೀರಿಕೊಂಡರು ಎನ್ನುವರು, ಲಿಂಗೈಕ್ಯರಾದರು ಎನ್ನುವರು, ಕರ್ತನಲ್ಲಿ ನಿದ್ರೆಹೋದರು ಎಂದು ನಾವು ಅನ್ನುವೆವು. ಇವು ಬರೀ ಮರ್ಯಾದೆಯ ಮಾತುಗಳಲ್ಲ. ಮರಣಕ್ಕೆ ಜನರು ಇಡುವ ಹೆಸರಿನೊಳಗೆ ಜೀವವೆಂದರೇನೆಂಬ ಪ್ರಶ್ನೆಗೆ ಅವರ ಉತ್ತರವಿರುತ್ತದೆ. ನೆರೆಯವನ ಉತ್ತರವನ್ನು ಅರಿಯದವನು ಅವನ ಅಂಗಳದಲ್ಲಿ ನಿಂತು ಆದರಣೆ ಹೇಳಲಾರನು. ತನ್ನ ಉತ್ತರವನ್ನು ಅರಿಯದವನು ತನ್ನ ಮನೆಯ ದುಃಖದಲ್ಲಿಯೂ ನಿಲ್ಲಲಾರನು.

1. ಕೂಡಿಕೊಳ್ಳುವದು. ಲಿಂಗಾಯತರ ಷಟ್‌ಸ್ಥಲಗಳಲ್ಲಿ ಭಕ್ತಸ್ಥಲವು ಮೊದಲನೆಯದು, ಐಕ್ಯಸ್ಥಲವು ಕಡೆಯದು. ಜೀವನವು ಲಿಂಗದ ಕಡೆಗೆ ನಡೆಯುವ ನಡಿಗೆ, ಮರಣವು ಕೂಡಿಕೊಳ್ಳುವ ಗಳಿಗೆ. ಗೋಕಾಕದ ಬಂಡೆಯಿಂದ ಧುಮುಕಿ ಹರಿಯುವ ಘಟಪ್ರಭೆಯು ಕೃಷ್ಣೆಯನ್ನು ಸೇರಿ ತನ್ನ ಹೆಸರನ್ನು ಬಿಡುವಂತೆ ಅದನ್ನು ತಿಳಿಯಬಹುದು. ಆದಕಾರಣ ಅವರು ದೇಹವನ್ನು ಸುಡದೆ, ಕೈಯಲ್ಲಿ ಇಷ್ಟಲಿಂಗವನ್ನಿಟ್ಟು, ಕುಳಿತ ಭಂಗಿಯಲ್ಲಿಯೇ ಸಮಾಧಿಮಾಡುವರು. ಮರಣದ ಸೂತಕವನ್ನು ಅವರ ಶರಣರು ನಿರಾಕರಿಸಿದರು.

2. ಬಿಟ್ಟುಕೊಡುವದು. ಜೈನರ ಬೋಧನೆಯಂತೆ ಜೀವವು ಕರ್ಮದಿಂದ ಕಟ್ಟಲ್ಪಟ್ಟಿದೆ. ಮುಪ್ಪಿನಿಂದಾಗಲಿ ವಾಸಿಯಾಗದ ರೋಗದಿಂದಾಗಲಿ ದೇಹವು ವ್ರತಪಾಲನೆಗೆ ಒದಗದಂತಾದಾಗ, ಮೋಹವನ್ನೂ ಆಹಾರವನ್ನೂ ಕ್ರಮವಾಗಿ ಬಿಡುವದೇ ಸಲ್ಲೇಖನ. ಇದೇ ಜಿಲ್ಲೆಯ ಭೋಜ ಗ್ರಾಮದ ಮನೆತನದವರಾದ ಆಚಾರ್ಯ ಶಾಂತಿಸಾಗರರು 1955ರಲ್ಲಿ ಕುಂಥಲಗಿರಿಯಲ್ಲಿ ಹೀಗೆ ದೇಹವನ್ನು ಬಿಟ್ಟರು. 2015ರ ಆಗಸ್ಟಿನಲ್ಲಿ ರಾಜಸ್ಥಾನದ ಉಚ್ಚ ನ್ಯಾಯಾಲಯವು ಇದನ್ನು ಆತ್ಮಹತ್ಯಕ್ಕೆ ಸಮವೆಂದಿತು; ಅದೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ತೀರ್ಪಿಗೆ ತಡೆಕೊಟ್ಟಿತು. ಒಪ್ಪಲಿ ಬಿಡಲಿ, ಇದು ಬೇಸತ್ತವನ ಕೆಲಸವಲ್ಲ, ಎಚ್ಚರವುಳ್ಳವನ ವ್ರತವೆಂದು ಅವರು ಎಣಿಸುವರೆಂಬದನ್ನು ನಾವು ತಿಳಿದಿರಬೇಕು.

3. ದೇಹವನ್ನು ಬದಲಿಸುವದು. ಆತ್ಮಕ್ಕೆ ಹುಟ್ಟೂ ಇಲ್ಲ, ಸಾವೂ ಇಲ್ಲ. ದೇಹ ಮಾತ್ರವೇ ಬೇರೆಯಾಗುವದು ಎಂಬದು ಭಗವದ್ಗೀತೆಯ ಬೋಧನೆ. ಇದನ್ನು ನಂಬಿದವನಿಗೆ ಮರಣವು ದೊಡ್ಡ ನಷ್ಟವಲ್ಲ, ಜ್ಞಾನಿಯು ಅಳಬಾರದು.

4. ಕಾದಿರುವದು. ಹುಕ್ಕೇರಿಯಲ್ಲಿ ಆದಿಲಶಾಹಿ ಕಾಲದ ಗುಮ್ಮಟಗಳು ಇಂದಿಗೂ ನಿಂತಿವೆ. ಗೋರಿಯ ಮೇಲೆ ಗುಮ್ಮಟವಿರಲಿ ಬರೀ ಮಣ್ಣಿರಲಿ, ಮುಸಲ್ಮಾನರ ನಂಬಿಕೆಯಂತೆ ಅಲ್ಲಿ ಮಲಗಿದವನು ಕಿಯಾಮತ್ತಿನ ದಿನದಲ್ಲಿ ಎದ್ದು ದೇವರಿಗೆ ಲೆಕ್ಕಕೊಡಬೇಕು. ಈ ಮಾತಿನಲ್ಲಿ ಅವರು ನಮಗೆ ಬಹಳ ಹತ್ತಿರದವರು.

5. ನಮ್ಮ ಉತ್ತರ. ಪೌಲನು ಮರಣವನ್ನು ಶತ್ರುವೆಂದು ಕರೆಯುತ್ತಾನೆ, ಆಮೇಲೆ ಬೀಜದ ದೃಷ್ಟಾಂತವನ್ನು ಕೊಡುತ್ತಾನೆ. ಹಿಂಗಾರಿ ಜೋಳವನ್ನು ಬಿತ್ತುವ ನಮ್ಮ ರೈತನು ಇಲ್ಲಿ ಕೇಳಬಹುದು: "ನಿಜವಾಗಿ ಸತ್ತ ಬೀಜವು ಮೊಳೆಯುವದಿಲ್ಲವಲ್ಲಾ?" ಪ್ರಶ್ನೆ ಸರಿಯಾದದ್ದೇ. ಕಾಳಿನೊಳಗೆ ಜೀವವು ಅಡಗಿದ್ದರೆ ಮಾತ್ರ ತೇವ ತಾಕಿದಾಗ ಅದು ಮೊಳೆಯುವದು. ಆದರೆ ದೃಷ್ಟಾಂತದ ತಿರುಳು ಬೇರೆ. ಬಿತ್ತಿದ್ದು ಒಂದು ಕಾಳು, ಎದ್ದದ್ದು ದಂಟೂ ತೆನೆಯೂ ಉಳ್ಳ ಬೆಳೆ. ಆದರೂ ಅದು ಜೋಳವೇ. ಹಾಗೆಯೇ ಎದ್ದುಬರುವವನು ನಾವು ಪ್ರೀತಿಸಿದ ಅದೇ ಮನುಷ್ಯನು. ಬೀಜದಲ್ಲಿ ಜೀವವು ಅಡಗಿರುತ್ತದೆ. ಸತ್ತವನಲ್ಲಿ ಸಾಯದ ಒಂದು ಭಾಗವು ತಾನಾಗಿ ಮೊಳೆಯುವದೆಂದು ಪೌಲನು ಹೇಳುವದಿಲ್ಲ, ದೇವರು ಎಬ್ಬಿಸುವನೆನ್ನುತ್ತಾನೆ. ಮೂರನೆಯ ಉತ್ತರಕ್ಕೂ ನಮ್ಮದಕ್ಕೂ ಇರುವ ಅಂತರವು ಇದೇ. ಅಲ್ಲಿ ಭರವಸವು ಆತ್ಮದ ಸ್ವಭಾವದ ಮೇಲೆ; ಇಲ್ಲಿ ದೇವರ ನಂಬಿಗಸ್ತಿಕೆಯ ಮೇಲೆ.

ಆದದರಿಂದ ನಮ್ಮಲ್ಲಿ ಕಣ್ಣೀರಿಗೆ ಸ್ಥಳವುಂಟು. ಲಾಜರನನ್ನು ಎಬ್ಬಿಸುವೆನೆಂದು ಯೇಸು ಬಲ್ಲವನಾಗಿದ್ದನು. ಆದರೂ ಅಕ್ಕತಂಗಿಯರ ದುಃಖವನ್ನು ಕಂಡು ಅತ್ತನು. ಮಣ್ಣುಮಾಡಿ ಬಂದ ಮನೆಯಲ್ಲಿ ಅಳುವ ವಿಧವೆಗೆ "ಅಕ್ಕಾ, ನಿನಗೆ ನಂಬಿಕೆಯಿಲ್ಲವೋ?" ಎಂದು ಗದರಿಸುವವರು ಈ ಅಧ್ಯಾಯವನ್ನು ಮತ್ತೊಮ್ಮೆ ಓದಲಿ. ಶತ್ರುವು ಬಂದು ಕೊಳ್ಳೆಹೊಡೆದ ಮನೆಯವರು ಅಳದೆ ಇರುವರೋ? ನಿರೀಕ್ಷೆಯು ಅಳುವನ್ನು ತಡೆಯುವದಿಲ್ಲ, ಅಳುವವರ ಕೈಹಿಡಿಯುತ್ತದೆ.

6. ನಡತೆಗೆ ತರತಕ್ಕದ್ದು. ಮರಣವು ಶತ್ರುವಾಗಿದ್ದರೆ ಅದಕ್ಕೆ ಬಾಗಿಲು ತೆರೆದಿಡುವದು ಭಕ್ತಿಯಲ್ಲ. ಕೂಸಿಗೆ ಜ್ವರವೇರಿದಾಗ "ದೇವರ ಚಿತ್ತ" ಎಂದು ಸುಮ್ಮನೆ ಕೂಡ್ರದೆ ವೈದ್ಯರ ಬಳಿಗೆ ಒಯ್ಯಿರಿ. ಸತ್ತವರ ಹೆಸರಿನಲ್ಲಿ ಸಾಲಮಾಡಿ ಊಟ ಹಾಕಿಸಬೇಡಿರಿ. ಸಾಲವು ಬದುಕಿರುವವರನ್ನು ಹಿಂಡುವದು. ನೆರೆಯವರ ಮರಣದಲ್ಲಿ ಮತಭೇದವನ್ನು ನೆನಸಿ ದೂರ ನಿಲ್ಲಬೇಡಿರಿ. 2019ರ ಆಗಸ್ಟಿನಲ್ಲಿ ಘಟಪ್ರಭೆಯೂ ಮಾರ್ಕಂಡೇಯವೂ ಉಕ್ಕಿ ಗೋಕಾಕವನ್ನು ಹೊಕ್ಕಾಗ ಹೊಳೆಯು ಯಾರ ಮತವನ್ನೂ ಕೇಳಲಿಲ್ಲ. ಹೋಗಿರಿ, ಕುಳಿತುಕೊಳ್ಳಿರಿ, ನೀರು ತಂದುಕೊಡಿರಿ. ಆ ಹೊತ್ತಿನಲ್ಲಿ ವಾದ ಬೇಡ. ನಿಮ್ಮ ನಿರೀಕ್ಷೆಯೇನೆಂದು ಅವರು ಕೇಳಿದರೆ ಮೆಲ್ಲಗೆ ಹೇಳಿರಿ.

ಸಭೆಯಲ್ಲಿ ಕೂಡಿ ವಿಚಾರಿಸತಕ್ಕ ಪ್ರಶ್ನೆಗಳು:
1. ನಿಮ್ಮ ಊರಿನಲ್ಲಿ ಮರಣಕ್ಕೆ ಯಾವ ಯಾವ ಹೆಸರುಗಳುಂಟು? ಒಂದೊಂದರ ಭಾವವೇನು?
2. ಎಬ್ಬಿಸುವೆನೆಂದು ಬಲ್ಲ ಯೇಸು ಯಾಕೆ ಅತ್ತನು?
3. ಬೀಜದ ದೃಷ್ಟಾಂತವು ಎಲ್ಲಿಯ ತನಕ ಹೊಂದುತ್ತದೆ? ಎಲ್ಲಿ ನಿಲ್ಲುತ್ತದೆ?
4. ಈ ವರುಷ ದುಃಖವನ್ನು ಕಂಡ ಯಾವ ಮನೆಗೆ ನಾವು ಇನ್ನೂ ಹೋಗಿಲ್ಲ?