ಸೂಜಿಗೊಂದು ಮನೆ

(ಗೃಹಿಣಿಯರಿಗೂ ಹೆಣ್ಣುಮಕ್ಕಳಿಗೂ ಒಂದು ಪಾಠ)

೧. ಈ ಪಾಠದ ಅಗತ್ಯ

ನಮ್ಮ ಹಳ್ಳಿಯ ಮನೆಗಳಲ್ಲಿ ಪ್ರತಿಯೊಂದು ಆಯುಧಕ್ಕೂ ಒಂದು ಸ್ಥಳವುಂಟು. ಕೊಡಲಿಗೆ ಮೂಲೆ, ಕುಡುಗೋಲಿಗೆ ಸೂರು, ಒನಕೆಗೆ ಗೋಡೆಯ ಆಸರೆ. ಆದರೆ ಸೂಜಿಯ ಸ್ಥಳವು ಯಾವದೆಂದು ಕೇಳಿದರೆ ಅನೇಕ ತಾಯಂದಿರು ಉತ್ತರ ಕೊಡಲಾರರು. ಈ ಹೊತ್ತು ಅದು ದಾರದ ಉಂಡೆಯಲ್ಲಿರುವದು, ನಾಳೆ ಸೆರಗಿನ ಅಂಚಿನಲ್ಲಿ, ನಾಡದು ಗೋಡೆಯ ಕ್ಯಾಲೆಂಡರಿನಲ್ಲಿ. ಅನಂತರ ಎಲ್ಲಿಯೂ ಕಾಣದು. ಕಳೆದುಹೋದ ಸೂಜಿಯ ಬೆಲೆಯು ಅತ್ಯಲ್ಪವೆಂದು ನಾವು ಹುಡುಕುವದನ್ನು ಬೇಗನೆ ಬಿಟ್ಟುಬಿಡುತ್ತೇವೆ. ಆದರೆ ನಾವು ಹುಡುಕದೆ ಬಿಟ್ಟ ಸೂಜಿಯು ಕೂಸಿನ ಅಂಗೈಗೋ ಮುದುಕರ ಅಂಗಾಲಿಗೋ ಸಿಕ್ಕುವದುಂಟು. ಆದಕಾರಣ ಸೂಜಿಗೆ ಒಂದು ಮನೆಯನ್ನು ಕಟ್ಟಿಕೊಡುವದು ಅಲಂಕಾರದ ಕೆಲಸವಲ್ಲ, ಕುಟುಂಬವನ್ನು ಕಾಯುವ ಕೆಲಸವೇ ಆಗಿದೆ. ಈ ಮನೆಗೆ ಸೂಜಿಮೆತ್ತೆಯೆಂದು ಹೆಸರು. ದರ್ಜಿಗಳು ಇದನ್ನೇ ಪಿನ್ ಕುಶನ್ ಎಂದು ಕರೆಯುವರು.

೨. ನಮ್ಮ ಸೀಮೆಯ ಸೂಜಿ ಕೆಲಸ

ಬಂಡ್ರಿಯೂ ಅದರ ಸುತ್ತಲಿನ ಹಳ್ಳಿಗಳೂ ಸೇರಿದ ಸಂಡೂರು ತಾಲೂಕಿಗೆ ಸೂಜಿಯು ಹೊಸದಲ್ಲ. ಇಲ್ಲಿಯ ತಾಂಡಾಗಳಲ್ಲಿರುವ ಲಂಬಾಣಿ ಸ್ತ್ರೀಯರು ಕನ್ನಡಿಬಿಲ್ಲೆ, ಕವಡೆ, ಬಣ್ಣದ ದಾರ ಇವುಗಳಿಂದ ಮಾಡುವ ಕಸೂತಿಯು ಸಂಡೂರು ಲಂಬಾಣಿ ಕಸೂತಿಯೆಂಬ ಹೆಸರಿನಿಂದ ಭೌಗೋಳಿಕ ಸೂಚಿಕೆಯ ಮಾನ್ಯತೆಯನ್ನು ಹೊಂದಿದೆ. ೨೦೨೩ನೆಯ ಇಸವಿಯ ಜುಲೈ ತಿಂಗಳಲ್ಲಿ ಹಂಪೆಯಲ್ಲಿ ಜಿ-೨೦ ದೇಶಗಳ ಸಂಸ್ಕೃತಿ ವಿಷಯಕವಾದ ಸಭೆಯು ಕೂಡಿದಾಗ, ಸಂಡೂರು ಕುಶಲ ಕಲಾ ಕೇಂದ್ರಕ್ಕೆ ಸೇರಿದ ೪೫೦ಕ್ಕೆ ಮಿಕ್ಕಿದ ಲಂಬಾಣಿ ಸ್ತ್ರೀಯರ ಕೈಕೆಲಸದ ೧೭೫೫ ವಸ್ತುಗಳನ್ನು ಒಂದೇ ಕಡೆಯಲ್ಲಿ ತೋರಿಸಲಾಯಿತು. ಅದು ಗಿನ್ನೆಸ್ ವಿಶ್ವದಾಖಲೆಯಲ್ಲಿ ಸೇರಿತು. ಉಳಿದುಹೋದ ಚಿಕ್ಕ ಅರಿವೆಯ ತುಂಡುಗಳನ್ನು ಬಿಸಾಡದೆ, ಒಂದರ ಪಕ್ಕದಲ್ಲಿ ಒಂದನ್ನಿಟ್ಟು ಹೊಲಿದು ಚೆಲುವಾದ ವಸ್ತ್ರವನ್ನಾಗಿ ಮಾಡುವದು ಈ ಕಲೆಯ ಒಂದು ಮುಖ್ಯ ಲಕ್ಷಣವಾಗಿದೆ.

ಇತರ ಮನೆಗಳಲ್ಲಿಯೂ ಕೌದಿ ಹೊಲಿಯುವ ರೂಢಿಯುಂಟು. ಬೇಸಿಗೆಯಲ್ಲಿ ಹಳೆಯ ಸೀರೆಗಳನ್ನು ಪದರು ಪದರಾಗಿ ಹಾಸಿ, ನಾಲ್ಕೈದು ಮಂದಿ ಸುತ್ತಲೂ ಕೂತು ಹೊಲಿಯುವರು. ಸೂಜಿಯು ಕಳೆಯುವದು ಹೆಚ್ಚಾಗಿ ಇಂಥ ಸಮಯದಲ್ಲಿಯೇ. ಮಾತಿನ ನಡುವೆ ಒಬ್ಬಾಕೆಯು ಸೂಜಿಯನ್ನು ಪದರುಗಳೊಳಗೆ ಚುಚ್ಚಿಟ್ಟು ಒಲೆಯ ಕಡೆಗೆ ಏಳುವಳು. ಸಂಜೆಗೆ ಕೌದಿಯು ಮಡಿಸಲ್ಪಡುವದು. ರಾತ್ರಿ ಅದರ ಮೇಲೆ ಕೂಸು ಮಲಗುವದು. ಇದನ್ನು ತಡೆಯುವ ಉಪಾಯವನ್ನು ಮುಂದೆ ಹೇಳುವೆವು.

೩. ಬೇಕಾದ ಸಾಮಾನುಗಳು

ಇವುಗಳಿಗಾಗಿ ಪೇಟೆಗೆ ಹೋಗಬೇಕಾಗಿಲ್ಲ.

ಮೇಲರಿವೆ: ಒತ್ತಾಗಿ ನೆಯ್ದ ಹತ್ತಿಯ ಅರಿವೆ, ಎಂಟು ಅಂಗುಲ ಚೌಕದ ಒಂದು ತುಂಡು. ರವಿಕೆ ಹೊಲಿದು ಉಳಿದದ್ದು ಸಾಕು. ಸಡಿಲ ನೆಯ್ಗೆಯ ಅರಿವೆಯಾದರೆ ಒಳಗೆ ತುಂಬಿದ್ದು ಹೊರಗೆ ಬರುವದು. ನುಣುಪಾದ ನೈಲಾನಿನಲ್ಲಿ ಸೂಜಿಯು ನಿಲ್ಲದು.

ತಳದ ಅರಿವೆ: ದಪ್ಪವಾದ ಜೀನ್ಸಿನ ತುಂಡು, ಮೂರೂವರೆ ಅಂಗುಲ. ಬಳ್ಳಾರಿ ಪಟ್ಟಣವು ಜೀನ್ಸ್ ಉಡುಪುಗಳ ಹೊಲಿಗೆಗೆ ಹೆಸರಾಗಿರುವದರಿಂದ ಇಂಥ ತುಂಡುಗಳು ನಮ್ಮ ಕಡೆಯಲ್ಲಿ ದುರ್ಲಭವಲ್ಲ. ಹರಿದ ಷರಾಯಿಯೂ ಆದೀತು.

ಮುಚ್ಚಳ: ಎರಡೂವರೆ ಅಂಗುಲ ಅಗಲದ ತಗಡಿನ ಅಥವಾ ಗಟ್ಟಿ ಪ್ಲಾಸ್ಟಿಕ್ಕಿನ ಡಬ್ಬಿಯ ಮುಚ್ಚಳ. ಇದನ್ನು ಯಾರೂ ಬಿಡತಕ್ಕದ್ದಲ್ಲ. ಯಾಕಂದರೆ ಮುಚ್ಚಳವಿಲ್ಲದ ಮೆತ್ತೆಯಲ್ಲಿ ಉದ್ದ ಸೂಜಿಯು ತಳವನ್ನು ತೂರಿ, ಹಿಡಿದವಳ ಅಂಗೈಯನ್ನೇ ಚುಚ್ಚುವದು.

ತುಂಬುವ ವಸ್ತು: ಇದರಲ್ಲಿಯೇ ವಿವೇಕವು ಬೇಕು. ಮೊದಲು ನೆನಪಿಗೆ ಬರುವದು ಹತ್ತಿ. ಆದರೆ ಹತ್ತಿಯು ಕೈಬೆವರನ್ನೂ ಮಳೆಗಾಲದ ತೇವವನ್ನೂ ಹೀರಿಕೊಂಡು ಸೂಜಿಯ ಸುತ್ತಲೂ ಹಿಡಿದಿಡುವದು. ಕಬ್ಬಿಣ, ನೀರು, ಗಾಳಿ ಈ ಮೂರೂ ಕೂಡಿದಲ್ಲಿ ತುಕ್ಕು ಹುಟ್ಟುವದು. ಬೆವರಿನ ಉಪ್ಪು ಅದನ್ನು ಇನ್ನೂ ಬೇಗನೆ ಹೆಚ್ಚಿಸುವದು. ಕುರಿಯ ಉಣ್ಣೆಯು ಇದಕ್ಕಿಂತ ಉತ್ತಮ. ಹೆಚ್ಚು ತೊಳೆಯದ ಉಣ್ಣೆಯಲ್ಲಿ ಸ್ವಾಭಾವಿಕವಾದ ಜಿಡ್ಡು ಉಳಿದಿರುವದು. ಚುಚ್ಚಿ ತೆಗೆದ ಹಾಗೆಲ್ಲಾ ಆ ಜಿಡ್ಡು ಸೂಜಿಗೆ ತೆಳ್ಳಗೆ ಹತ್ತಿ ತುಕ್ಕನ್ನು ತಡೆಯುವದು. ಕುರಿಗಳ ಉಣ್ಣೆ ಕತ್ತರಿಸುವ ಕಾಲದಲ್ಲಿ ಕುರುಬರ ಮನೆಯಲ್ಲಿ ಎರಡು ಹಿಡಿ ಉಣ್ಣೆಯನ್ನು ಕೇಳಿ ತರಬಹುದು. ಅದು ಸಿಕ್ಕದಿದ್ದರೆ ಬಾಚಣಿಗೆಯಲ್ಲಿ ಉಳಿಯುವ ತಲೆಗೂದಲನ್ನು ಕೂಡಿಸಿ, ತೊಳೆದು, ಒಣಗಿಸಿ ತುಂಬಬಹುದು. ಹತ್ತಿಯೊಂದೇ ಇದ್ದರೆ ಅದನ್ನು ಬಿಸಿಲಿನಲ್ಲಿ ಚೆನ್ನಾಗಿ ಕಾಯಿಸಿ ತುಂಬಿರಿ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಬಿಸಿಲು ಬಿದ್ದಾಗ ಮೆತ್ತೆಯನ್ನು ಹೊರಗಿಡಿರಿ. ತೌಡನ್ನು ಮಾತ್ರ ತುಂಬಬಾರದು. ಅದಕ್ಕೆ ಹುಳ ಬೀಳುವದು, ಇಲಿಯೂ ಬರುವದು.

ಇವುಗಳ ಹೊರತು ಗಟ್ಟಿಯಾದ ದಾರ, ಕತ್ತರಿ, ಒಂದು ಸೂಜಿ.

೪. ಹೊಲಿಯುವ ಕ್ರಮ

ಮೊದಲನೆಯದು. ಅರಿವೆಗಳನ್ನು ಒಗೆದು ಒಣಗಿಸಿರಿ. ಮೇಲರಿವೆಯ ಮೇಲೆ ಎಂಟು ಅಂಗುಲ ಅಗಲದ ತಟ್ಟೆಯನ್ನು ಬೋರಲಾಗಿಟ್ಟು, ಸುತ್ತಲೂ ಗೆರೆಯೆಳೆದು ದುಂಡಗೆ ಕತ್ತರಿಸಿರಿ. ಜೀನ್ಸನ್ನು ಮೂರೂವರೆ ಅಂಗುಲ ಅಗಲಕ್ಕೆ ದುಂಡಗೆ ಕತ್ತರಿಸಿರಿ.

ಎರಡನೆಯದು. ಕಸೂತಿ ಹಾಕಬೇಕೆಂದಿದ್ದರೆ ಈಗಲೇ ಹಾಕತಕ್ಕದ್ದು. ತುಂಬಿದ ಮೇಲೆ ಸಾಧ್ಯವಾಗದು. ಕನ್ನಡಿಯನ್ನಾಗಲಿ ಕವಡೆಯನ್ನಾಗಲಿ ಮೆತ್ತೆಯ ನೆತ್ತಿಯಲ್ಲಿ ಹಚ್ಚಬಾರದು. ಸೂಜಿಯ ಮೊನೆಯು ಅದಕ್ಕೆ ತಗಲಿ ಮುರಿಯುವದು. ಅವುಗಳಿಗೆ ಕೆಳಗಿನ ಸುತ್ತು ತಕ್ಕ ಸ್ಥಳ.

ಮೂರನೆಯದು. ದಾರವನ್ನು ಎರಡೆಳೆಯಾಗಿ ಪೋಣಿಸಿ ಗಟ್ಟಿ ಗಂಟು ಹಾಕಿರಿ. ಮೇಲರಿವೆಯ ಅಂಚಿನಿಂದ ಅರ್ಧ ಅಂಗುಲ ಒಳಗೆ, ಕೌದಿಗೆ ಹಾಕುವಂತೆ ಸಾದಾ ಹೊಲಿಗೆಯನ್ನು ಸುತ್ತಲೂ ಹಾಕಿಕೊಂಡು ಬನ್ನಿರಿ. ಕೊನೆಗೆ ದಾರವನ್ನು ಕತ್ತರಿಸಬೇಡಿರಿ.

ನಾಲ್ಕನೆಯದು. ದಾರವನ್ನು ಮೆಲ್ಲಗೆ ಎಳೆಯಲು ಅರಿವೆಯು ನೆರಿಗೆ ಕಟ್ಟಿ ಚೀಲದ ಆಕಾರಕ್ಕೆ ಬರುವದು. ಉಣ್ಣೆಯನ್ನು ಬೆರಳಿನಿಂದ ಹಿಂಜಿ, ಕಡ್ಡಿ ಮುಳ್ಳುಗಳನ್ನು ಆರಿಸಿ ತೆಗೆದು, ಸ್ವಲ್ಪ ಸ್ವಲ್ಪವಾಗಿ ಒತ್ತಿ ತುಂಬಿರಿ. ದೋರೆಗಾಯಿ ಪೇರಲದಷ್ಟು ಗಟ್ಟಿಯಾಗುವ ತನಕ ತುಂಬುತ್ತಲೇ ಇರಬೇಕು. ಮೆತ್ತಗಿರುವ ಮೆತ್ತೆಯಲ್ಲಿ ಸೂಜಿಯು ಪೂರಾ ಮುಳುಗಿ ಕಣ್ಮರೆಯಾಗುವದು. ಕಾಣದ ಸೂಜಿಯೇ ಅಪಾಯಕರವಾದದ್ದು.

ಐದನೆಯದು. ತುಂಬಿದ್ದರ ಮೇಲೆ ಮುಚ್ಚಳವನ್ನಿಟ್ಟು ದಾರವನ್ನು ಬಲವಾಗಿ ಎಳೆಯಿರಿ. ಅಂಚು ಮುಚ್ಚಳದ ಮೇಲೆ ಬಂದು ಕೂಡುವದು. ಎದುರುಬದುರಾಗಿ ನಾಲ್ಕಾರು ಹೊಲಿಗೆ ಹಾಕಿ, ಎರಡು ಗಂಟು ಬಿಗಿದು ದಾರವನ್ನು ಕತ್ತರಿಸಿರಿ.

ಆರನೆಯದು. ಜೀನ್ಸಿನ ಅಂಚನ್ನು ಸುತ್ತಲೂ ಅರ್ಧ ಅಂಗುಲ ಒಳಕ್ಕೆ ಮಡಿಸಿ, ತಳಕ್ಕೆ ಹೊಂದಿಸಿ, ಒತ್ತೊತ್ತಾಗಿ ಹೊಲಿಯಿರಿ. ಹೀಗೆ ಸುಮಾರು ಎರಡು ಮುಕ್ಕಾಲು ಅಂಗುಲ ಅಗಲವೂ ಎರಡು ಅಂಗುಲ ಎತ್ತರವೂ ಉಳ್ಳ, ಉರುಳದೆ ಕೂಡ್ರುವ ಮೆತ್ತೆಯು ಸಿದ್ಧವಾಗುವದು. ಹತ್ತು ಹನ್ನೆರಡು ವರುಷದ ಹುಡುಗಿಯಾಗಲಿ ಹುಡುಗನಾಗಲಿ ಇದನ್ನು ಒಂದು ಮಧ್ಯಾಹ್ನದಲ್ಲಿ ಮುಗಿಸಬಹುದು.

೫. ಎಣಿಕೆಯ ನಿಯಮ

ಮೆತ್ತೆಯನ್ನು ಹೊಲಿದರೆ ಅರ್ಧ ಕೆಲಸವಾಯಿತು, ಉಳಿದರ್ಧವು ಎಣಿಕೆಯಲ್ಲಿದೆ. ಮನೆಯಲ್ಲಿ ಎಷ್ಟು ಸೂಜಿಗಳುಂಟೋ ಅಷ್ಟನ್ನೂ ಮೆತ್ತೆಯಲ್ಲಿ ಸಾಲಾಗಿ ಚುಚ್ಚಿ ಎಣಿಸಿರಿ. ಆರಿದ್ದರೆ ಆರು, ಹತ್ತಿದ್ದರೆ ಹತ್ತು. ಆ ಸಂಖ್ಯೆಯು ಮನೆಯವರೆಲ್ಲರಿಗೂ ತಿಳಿದಿರಲಿ. ಹೊಲಿಗೆಗೆ ಕೂಡ್ರುವಾಗ ಒಮ್ಮೆಯೂ ಏಳುವಾಗ ಒಮ್ಮೆಯೂ ಎಣಿಸತಕ್ಕದ್ದು. ಕೌದಿಯ ಕೆಲಸದಲ್ಲಿ ಹೊರಗಿನವರು ಕೂಡಿದಾಗ ಅವರು ತಂದ ಸೂಜಿಗಳನ್ನೂ ಲೆಕ್ಕಕ್ಕೆ ಹಿಡಿಯಿರಿ. ಲೆಕ್ಕವು ಸರಿಹೋಗುವ ತನಕ ಕೌದಿಯನ್ನು ಮಡಿಸಬೇಡಿರಿ.

ಒಂದು ಕಡಿಮೆಯಾದರೆ ಕೂಸುಗಳನ್ನು ಬೇರೆ ಕಡೆಗೆ ಕಳುಹಿಸಿ, ದೀಪವನ್ನು ನೆಲದ ಮಟ್ಟಕ್ಕೆ ಹಿಡಿದು ನೋಡಿರಿ, ಸೂಜಿಯು ಮಿಂಚುವದು. ಹಾಳಾದ ರೇಡಿಯೋವಿನ ಸ್ಪೀಕರಿನಲ್ಲಿರುವ ಅಯಸ್ಕಾಂತವನ್ನು ಅರಿವೆಯಲ್ಲಿ ಸುತ್ತಿ ನೆಲದ ಮೇಲೆಯೂ ಕೌದಿಯ ಮೇಲೆಯೂ ಆಡಿಸಿದರೆ ಉಕ್ಕಿನ ಸೂಜಿಯು ಅದಕ್ಕೆ ಅಂಟುವದು. ಬರಿಗೈಯಿಂದ ಸವರಬಾರದು. ಮುರಿದ ಸೂಜಿಯ ಎರಡು ತುಂಡುಗಳೂ ಸಿಕ್ಕಬೇಕು. ಅವನ್ನು ಕಸದಲ್ಲಿ ಚೆಲ್ಲದೆ ಮುಚ್ಚಳವುಳ್ಳ ಚಿಕ್ಕ ಸೀಸೆಯಲ್ಲಿ ಹಾಕಿಡಿರಿ. ಮೆತ್ತೆಯು ಬಣ್ಣಬಣ್ಣವಾಗಿ ಕೂಸುಗಳ ಕಣ್ಣಿಗೆ ಆಟಿಕೆಯಂತೆ ಕಾಣುವದು. ಆದಕಾರಣ ಅದನ್ನು ಎತ್ತರದ ಗೂಡಿನಲ್ಲಿಯೇ ಇಡಬೇಕು.

೬. ಅಪಾಯವು ಸಂಭವಿಸಿದರೆ

ಸೂಜಿಯು ಚುಚ್ಚಿದರೆ ಗಾಯವು ಚಿಕ್ಕದೆಂದು ಉದಾಸೀನ ಮಾಡಬೇಡಿರಿ. ಧನುರ್ವಾಯುವನ್ನು ಹುಟ್ಟಿಸುವ ಸೂಕ್ಷ್ಮಜೀವಿಗಳು ಮಣ್ಣಿನಲ್ಲಿಯೂ ದನಕರುಗಳ ಸಗಣಿಯಲ್ಲಿಯೂ ಇರುತ್ತವೆ; ಆಳವಾಗಿ ಚುಚ್ಚಿದ ಕಿರಿದಾದ ಗಾಯವು ಅವುಗಳ ಬೆಳವಣಿಗೆಗೆ ಅನುಕೂಲವಾದದ್ದು. ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ತೊಳೆಯಿರಿ. ಬೂದಿ, ಸುಣ್ಣ, ಸಗಣಿ ಇವುಗಳನ್ನು ಹಚ್ಚಬೇಡಿರಿ. ಅದೇ ದಿನ ಆರೋಗ್ಯ ಕೇಂದ್ರಕ್ಕೆ ಹೋಗಿ, ಚುಚ್ಚುಮದ್ದು ಬೇಕೋ ಎಂದು ವಿಚಾರಿಸಿರಿ. ಶೈಶವದಲ್ಲಿಯೂ, ೧೦ ಮತ್ತು ೧೬ನೆಯ ವಯಸ್ಸಿನಲ್ಲಿಯೂ, ಗರ್ಭಿಣಿಯಾದಾಗಲೂ ಕೊಡುವ ಧನುರ್ವಾಯುವಿನ ಚುಚ್ಚುಮದ್ದನ್ನು ಸರಕಾರಿ ಕೇಂದ್ರಗಳಲ್ಲಿ ಹಣವಿಲ್ಲದೆ ಹಾಕುವರು. ಅದನ್ನು ಯಾರೂ ತಪ್ಪಿಸಬಾರದು. ಸಕ್ಕರೆ ರೋಗವುಳ್ಳವರಿಗೆ ಕಾಲಿನ ಸ್ಪರ್ಶಜ್ಞಾನವು ಕುಂದಿರುವದುಂಟು. ಚುಚ್ಚಿದ್ದೇ ಅವರಿಗೆ ತಿಳಿಯದೆ ಹೋಗಬಹುದು. ಅಂಥವರು ಪ್ರತಿ ರಾತ್ರಿ ಅಂಗಾಲನ್ನು ನೋಡಿಕೊಳ್ಳಲಿ.

ಸೂಜಿಯು ಅಂಗಾಲಿನೊಳಗೆ ಮುರಿದರೆ ಅದನ್ನು ಕೆದಕಬೇಡಿರಿ. ಕೆದಕಿದಷ್ಟು ಅದು ಒಳಗೆ ಸರಿಯುವದು. ಕಾಲನ್ನು ಊರದೆ ಆಸ್ಪತ್ರೆಗೆ ಒಯ್ಯಿರಿ. ಮಗುವು ಸೂಜಿಯನ್ನು ನುಂಗಿದ್ದರೆ, ನುಂಗಿರಬಹುದೆಂಬ ಸಂಶಯವಿದ್ದರೂ ಸಹ, ವಾಂತಿ ಮಾಡಿಸಬೇಡಿರಿ; ಬಾಳೆಹಣ್ಣನ್ನಾಗಲಿ ಅನ್ನದ ತುತ್ತನ್ನಾಗಲಿ ತಿನ್ನಿಸಿ ಕೆಳಗೆ ನೂಕಲು ಯತ್ನಿಸಬೇಡಿರಿ. ತಡಮಾಡದೆ ದೊಡ್ಡ ಆಸ್ಪತ್ರೆಗೆ ಹೋಗಿರಿ. ಉಕ್ಕಿನ ಸೂಜಿಯು ಎಕ್ಸ್‌ರೇ ಚಿತ್ರದಲ್ಲಿ ಸ್ಪಷ್ಟವಾಗಿ ಕಾಣುವದರಿಂದ ವೈದ್ಯರು ಅದರ ಸ್ಥಾನವನ್ನು ತಿಳಿದು ಚಿಕಿತ್ಸೆ ಮಾಡುವರು.

ಪ್ರಿಯ ತಾಯಂದಿರೇ, ಎರಡು ತುಂಡು ಅರಿವೆ, ಒಂದು ಮುಚ್ಚಳ, ಎರಡು ಹಿಡಿ ಉಣ್ಣೆ: ಖರ್ಚು ಇಷ್ಟೇ. ಈ ತಿಂಗಳಲ್ಲಿಯೇ ಒಂದನ್ನು ಹೊಲಿದುಕೊಳ್ಳಿರಿ. ಕೌದಿ ಹೊಲಿಯುವ ನೆರೆಯವಳಿಗೆ ಇನ್ನೊಂದನ್ನು ಹೊಲಿದು ಕೊಡಿರಿ, ಎಣಿಕೆಯ ನಿಯಮವನ್ನೂ ಜೊತೆಗೆ ಕಲಿಸಿರಿ.

ಪ್ರಶ್ನೆಗಳು

೧. ಸೂಜಿಯು ಹೆಚ್ಚಾಗಿ ಕಳೆಯುವದು ಯಾವ ಸಮಯದಲ್ಲಿ? ಯಾಕೆ?
೨. ಮೆತ್ತೆಗೆ ತುಂಬಲು ಹತ್ತಿಗಿಂತ ಉಣ್ಣೆಯು ಉತ್ತಮವಾದದ್ದು ಹೇಗೆ?
೩. ತಳದಲ್ಲಿ ಮುಚ್ಚಳವನ್ನು ಇಡದಿದ್ದರೆ ಏನಾಗುವದು?
೪. ಮೆತ್ತೆಯನ್ನು ಗಟ್ಟಿಯಾಗಿ ತುಂಬಬೇಕಾದ ಕಾರಣವೇನು?
೫. ನಿಮ್ಮ ಮನೆಯಲ್ಲಿ ಈ ಹೊತ್ತು ಎಷ್ಟು ಸೂಜಿಗಳುಂಟು? ಅವು ಎಲ್ಲಿವೆ?
೬. ಮಗುವು ಸೂಜಿಯನ್ನು ನುಂಗಿದರೆ ಮಾಡಬಾರದವುಗಳು ಯಾವವು? ಮಾಡತಕ್ಕದ್ದೇನು?