ಕಣಜದ ತೇವವೂ ಕಾಳಿನ ವಿಷವೂ

ಮಳೆಗಾಲದಲ್ಲಿ ಕಾಳಿನ ಡಬ್ಬವನ್ನು ತೆರೆದೊಡನೆ ಮುಗ್ಗಲು ವಾಸನೆ ಬರುವುದನ್ನು ಗೃಹಿಣಿಯರೆಲ್ಲರೂ ಬಲ್ಲರು. ಅಂಥ ಕಾಳನ್ನು ತೊಳೆದು, ಬಿಸಿಲಿಗೆ ಹರವಿ, ಬೀಸಿ ರೊಟ್ಟಿ ಮಾಡಿದರೆ ದೋಷವು ಕಳೆಯಿತೆಂದು ನಂಬುವ ರೂಢಿಯೂ ನಮ್ಮಲ್ಲಿ ಉಂಟು. ಈ ನಂಬಿಕೆಯು ಎಷ್ಟರ ಮಟ್ಟಿಗೆ ಸರಿಯೆಂಬುದನ್ನು ಇಲ್ಲಿ ವಿಚಾರಿಸೋಣ.

ಮುಗ್ಗಲಿಗೆ ಕಾರಣವಾದುದು ಬೂಷ್ಟು. ಇದು ಶಿಲೀಂಧ್ರವೆಂಬ ಜೀವವರ್ಗಕ್ಕೆ ಸೇರಿದುದು. ಇದರ ಸೂಕ್ಷ್ಮವಾದ ಕಣಗಳು ಮಣ್ಣಿನಲ್ಲಿಯೂ ಗಾಳಿಯಲ್ಲಿಯೂ ಇರುವುದರಿಂದ ಒಳ್ಳೆಯ ಕಾಳಿನ ಮೇಲೂ ಬಂದು ಕುಳಿತಿರುತ್ತವೆ. ಎಲ್ಲ ಬೂಷ್ಟುಗಳೂ ವಿಷಕಾರಿಗಳಲ್ಲ. ಆದರೆ ಆಸ್ಪರ್ಜಿಲಸ್ ಫ್ಲೇವಸ್ ಎಂಬ ಹಳದಿಹಸುರು ಬೂಷ್ಟು ಮೆಕ್ಕೆಜೋಳ, ನೆಲಗಡಲೆ ಮೊದಲಾದವುಗಳಲ್ಲಿ ಬೆಳೆದು ಅಫ್ಲಾಟಾಕ್ಸಿನ್ ಎಂಬ ವಿಷವನ್ನು ಹುಟ್ಟಿಸಬಲ್ಲುದು. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತುಹೋದಾಗ, ಅವು ತಿಂದ ನೆಲಗಡಲೆ ಹಿಂಡಿಯನ್ನು ಪರೀಕ್ಷಿಸಿದುದರಿಂದ ಈ ವಿಷವು ಬೆಳಕಿಗೆ ಬಂದಿತು. ಇದು ಮುಖ್ಯವಾಗಿ ಪಿತ್ತಜನಕಾಂಗವನ್ನು ಕೆಡಿಸುವುದು. ಅಲ್ಪ ಪ್ರಮಾಣದಲ್ಲಿ ಬಹುಕಾಲ ಹೊಟ್ಟೆಗೆ ಹೋದರೆ ಆ ಅಂಗದ ಕ್ಯಾನ್ಸರಿಗೂ ಕಾರಣವಾಗುವುದು.

ಬೂಷ್ಟು ಬೆಳೆಯಲು ಶಾಖವೂ ತೇವವೂ ಬೇಕು. ಈ ಬೂಷ್ಟಿನ ವಿಷವು ಸುಮಾರು 12ರಿಂದ 40 ಡಿಗ್ರಿ ಸೆಲ್ಸಿಯಸ್ ಉಷ್ಣತೆಯೊಳಗೆ ಹುಟ್ಟುವುದು. 25ರಿಂದ 35 ಡಿಗ್ರಿಯಲ್ಲಿ ಅತ್ಯಧಿಕವಾಗಿ ಹುಟ್ಟುವುದು. ನಮ್ಮ ನಾಡಿನ ಮನೆಗಳಲ್ಲಿ ವರ್ಷದ ಬಹುಭಾಗ ಇರುವ ಉಷ್ಣತೆಯು ಇದೇ ಅಲ್ಲವೆ? ಅದನ್ನು ತಗ್ಗಿಸುವುದು ನಮ್ಮ ಕೈಯಲ್ಲಿಲ್ಲ. ತೇವವನ್ನು ತಗ್ಗಿಸುವುದು ಮಾತ್ರ ನಮ್ಮ ಕೈಯಲ್ಲಿದೆ. ಮೆಕ್ಕೆಜೋಳದಂಥ ಧಾನ್ಯದಲ್ಲಿ ನೀರಿನ ಅಂಶವು ನೂರಕ್ಕೆ 13 ಪಾಲನ್ನು ಮೀರದಿದ್ದರೆ ಬೂಷ್ಟು ಬೆಳೆಯಲಾರದು. ನೆಲಗಡಲೆ ಬೀಜದಲ್ಲಿ ಅರ್ಧದಷ್ಟು ಎಣ್ಣೆಯೇ ಇರುವುದರಿಂದ, ಮತ್ತು ಎಣ್ಣೆಯು ನೀರನ್ನು ಹಿಡಿಯದೆ ಇರುವುದರಿಂದ, ಅದಕ್ಕೆ ನೂರಕ್ಕೆ 7 ಪಾಲೇ ಸುರಕ್ಷಿತವಾದ ಮಿತಿ.

ಒಣಗಿದ ಕಾಳೂ ಕಣಜದೊಳಗೆ ಪುನಃ ತೇವಗೊಳ್ಳುವುದುಂಟು. ಹಗಲಿನ ಬಿಸಿಲಿಗೆ ಕಾದ ತಗಡಿನ ಡಬ್ಬವು ರಾತ್ರಿ ತಣ್ಣಗಾದಾಗ, ಒಳಗಿನ ಆವಿಯು ಮುಚ್ಚಳದ ಕೆಳಗೆ ಹನಿಗಟ್ಟಿ ಮೇಲಿನ ಕಾಳಿಗೆ ಇಳಿಯುವುದು. ಹುಳುಗಳು ಉಸಿರಾಡುವುದರಿಂದಲೂ ಶಾಖವೂ ನೀರಾವಿಯೂ ಹುಟ್ಟುವುವು. ಬಯಲುಸೀಮೆಯ ಹಗೇವುಗಳಲ್ಲಿ ಗೋಡೆಗೆ ತಗಲಿದ ಜೋಳವು ಮೊದಲು ಕೆಡುವುದಕ್ಕೆ ನೆಲದ ತೇವವೇ ಕಾರಣ.

ಇದನ್ನು ಅಲಕ್ಷ್ಯ ಮಾಡಿದರೆ ಏನಾಗುವುದೆಂಬುದಕ್ಕೆ ನಮ್ಮ ದೇಶದಲ್ಲಿಯೇ ನಿದರ್ಶನವುಂಟು. 1974ರಲ್ಲಿ ರಾಜಸ್ಥಾನದ ಬಾಂಸವಾಡಾ, ಗುಜರಾತಿನ ಪಂಚಮಹಲ್ ಜಿಲ್ಲೆಗಳಲ್ಲಿ ಅಕಾಲದ ಮಳೆಗೆ ಮೆಕ್ಕೆಜೋಳವು ತೊಯ್ದು ಬೂಷ್ಟು ಹಿಡಿಯಿತು. ಬಡವರಾದ ಗುಡ್ಡಗಾಡಿನ ಜನರಿಗೆ ಅದೇ ಮುಖ್ಯ ಆಹಾರ. ಇನ್ನೂರಕ್ಕೂ ಹೆಚ್ಚು ಹಳ್ಳಿಗಳಲ್ಲಿ ಕಾಮಾಲೆಯೂ ಹೊಟ್ಟೆಯಲ್ಲಿ ನೀರು ತುಂಬುವ ಬೇನೆಯೂ ಕಾಣಿಸಿಕೊಂಡುವು. ರೋಗಿಗಳಾದ 397 ಮಂದಿಯಲ್ಲಿ 106 ಮಂದಿ ಮೃತರಾದರು. ಅದೇ ಆಹಾರವನ್ನು ತಿಂದ ನಾಯಿಗಳೂ ಸತ್ತುವು. ಆ ಜನರನ್ನು ಅಜ್ಞಾನಿಗಳೆಂದು ಹಳಿಯುವುದು ನ್ಯಾಯವಲ್ಲ. ಬೇರೆ ಕಾಳಿಲ್ಲದವನು ಇದ್ದುದನ್ನೇ ತಿನ್ನಬೇಕಷ್ಟೆ.

ಈಗ ಮೊದಲಿನ ಪ್ರಶ್ನೆಗೆ ಬರೋಣ. ಬಿಸಿಲು ಬೂಷ್ಟಿನ ಬೆಳವಣಿಗೆಯನ್ನು ನಿಲ್ಲಿಸಬಹುದು. ಆದರೆ ಅದು ಅದಾಗಲೇ ಕಾಳಿನೊಳಗೆ ಇಳಿಸಿದ ವಿಷವು ಉಳಿದೇ ಇರುವುದು. ಬೇಯಿಸುವುದರಿಂದಲೂ ಅದು ಪೂರ್ಣವಾಗಿ ನಾಶವಾಗದು. ಕೆಟ್ಟ ಕಾಳನ್ನು ಹಸುವಿಗೆ ಹಾಕಿದರೆ ವಿಷದ ಒಂದಂಶವು ಹಾಲಿನ ಮೂಲಕ ಮಕ್ಕಳ ಬಟ್ಟಲಿಗೇ ಬರುವುದು. ಆದುದರಿಂದ ಬಿಸಿಲಿನ ಉಪಯೋಗವು ಬೂಷ್ಟು ಬಂದ ಮೇಲಲ್ಲ, ಬರುವುದಕ್ಕೆ ಮೊದಲು.

ತೇವವನ್ನು ಅಳೆಯಲು ಯಂತ್ರವಿಲ್ಲದವರು ಹೀಗೆ ಮಾಡಬಹುದು. ಚೆನ್ನಾಗಿ ಒಣಗಿದ ಗಾಜಿನ ಸೀಸೆಯಲ್ಲಿ ಒಂದು ಹಿಡಿ ಧಾನ್ಯವನ್ನೂ ಸ್ವಲ್ಪ ಒಣ ಪುಡಿಯುಪ್ಪನ್ನೂ ಹಾಕಿ, ಮುಚ್ಚಿ, ಕೆಲವು ನಿಮಿಷ ಕುಲುಕಿ ಇಡಬೇಕು. ಉಪ್ಪು ಸೀಸೆಯ ಗೋಡೆಗೆ ಅಂಟಿದರೆ ತೇವವು ನೂರಕ್ಕೆ 15 ಪಾಲಿಗಿಂತ ಹೆಚ್ಚೆಂದು ತಿಳಿಯತಕ್ಕದ್ದು. ಅಂಟದಿದ್ದರೂ, 13ಕ್ಕೆ ಇಳಿಯುವಂತೆ ಇನ್ನೊಂದೆರಡು ದಿನ ಒಣಗಿಸುವುದು ಲೇಸು. ಒಣಗಿಸುವಾಗ ಬರಿಯ ನೆಲಕ್ಕೆ ಹರವದೆ ಚಾಪೆಯ ಮೇಲೆ ಹರವಬೇಕು. ಕಾಳು ಆರಿದ ಮೇಲೆ ತುಂಬಿ, ಚೀಲಗಳನ್ನು ಹಲಗೆಯ ಮೇಲೆ, ಗೋಡೆಗೆ ತಗಲದಂತೆ ಇಡಬೇಕು. ಬಣ್ಣಗೆಟ್ಟ, ಮುರುಟಿದ ಕಾಳುಗಳನ್ನು ಆರಿಸಿ ತೆಗೆಯಬೇಕು. ಬಹುಭಾಗವೂ ಬೂಷ್ಟು ಹಿಡಿದಿದ್ದರೆ ಮನುಷ್ಯರಿಗೂ ದನಗಳಿಗೂ ಕೊಡದೆ ಹೂಳಿಬಿಡಬೇಕು.

ಬೆಳೆದ ಕಾಳನ್ನು ಚೆಲ್ಲುವಾಗ ಯಾರಿಗಾದರೂ ಮನಸ್ಸು ನೋಯುವುದು ಸಹಜವೇ. ಆ ನೋವು ಬಾರದಿರಬೇಕಾದರೆ, ಸೋದರಿಯರೇ, ಸುಗ್ಗಿಯ ಬಿಸಿಲನ್ನು ಒಂದು ದಿನವೂ ವ್ಯರ್ಥಮಾಡದಿರೋಣ.