ಸನದು ಬಂತು, ಮುಂದೇನು?

ನಮ್ಮ ಮನೆಯಲ್ಲಿ ಸರ್ಟಿಫಿಕೇಟಿಗೆ ‘ಸನದ್’ ಅನ್ನುತ್ತಾರೆ. ಕನ್ನಡದಲ್ಲೂ ಅದೇ ಪದ ಇದೆ. ಚಾರ್ಟರ್ಡ್ ಅಕೌಂಟೆಂಟರನ್ನು ಸನದು ಲೆಕ್ಕಪರಿಶೋಧಕರು ಎಂದು ಬರೆಯುವುದನ್ನು ನೀವು ಓದಿರುತ್ತೀರಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಒಮ್ಮೆ ಬಂದರೆ ಜೀವನಪೂರ್ತಿ ಇರುತ್ತದೆ. ಐಟಿ ಕ್ಷೇತ್ರದ ಎಷ್ಟೋ ಸನದುಗಳು ಹಾಗಲ್ಲ, ಅವುಗಳಿಗೆ ಮುಗಿಯುವ ತಾರೀಖು ಇರುತ್ತದೆ. ಇದು ನನಗೆ ತಿಳಿದದ್ದು ನಮ್ಮ ಖಾಲಾ ಮಗನಿಂದ.

ಭಾಯಿ ಹೋದ ವರ್ಷ ಆಗಸ್ಟ್‌ನಲ್ಲಿ ಸಿಸ್ಕೋ ಕಂಪನಿಯ ಸಿಸಿಎನ್ಎ ಪರೀಕ್ಷೆ ಪಾಸು ಮಾಡಿದರು. ಇದು ಕಂಪ್ಯೂಟರ್ ಜಾಲದ, ಅಂದರೆ ನೆಟ್‌ವರ್ಕಿಂಗ್‌ನ ಮೊದಲ ಹಂತದ ಪರೀಕ್ಷೆ. ಫೀಸು 300 ಡಾಲರ್, ಮೇಲೆ ತೆರಿಗೆ. ಖಾಲಾ ಚೀಟಿ ಎತ್ತಿ ಕಟ್ಟಿದ್ದರು. ಪಾಸಾದ ಮೇಲೂ ಅವರು ಶಿವಾಜಿನಗರದ ಲ್ಯಾಪ್‌ಟಾಪ್ ರಿಪೇರಿ ಅಂಗಡಿಯಲ್ಲೇ ಕೆಲಸ ಮಾಡುತ್ತಿದ್ದಾರೆ. ಈಗ ಮನೆಯಲ್ಲಿ ದಿನಾ ಚರ್ಚೆ. ಮಾಮು ಹೇಳುವುದು, ‘ಇಷ್ಟು ಖರ್ಚು ಮಾಡಿಯಾಯಿತು, ದೊಡ್ಡ ಪರೀಕ್ಷೆಯನ್ನೂ ಕಟ್ಟಿಬಿಡು.’ ಗೆಳೆಯರು ಹೇಳುವುದು, ‘ಕ್ಲೌಡ್ ಮಾಡು.’ ಖಾಲಾ ಕೇಳುವುದು ಒಂದೇ, ‘ನೌಕರಿ ಯಾವಾಗ?’ ಮುಂದಿನ ಚೀಟಿಯ ಹಣ ಭಾಯಿಯ ತಂಗಿಯ ಬಿಕಾಂ ಫೀಸಿಗೆ ಎಂದು ಮೊದಲೇ ಮಾತಾಗಿದೆ. ಹಾಗಾಗಿ ಇದು ಬರೀ ಚರ್ಚೆಯಲ್ಲ.

ನಾವು ಕಾಮರ್ಸ್‌ನವರು, ನಮ್ಮ ಪುಸ್ತಕ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಫಸ್ಟ್ ಪಿಯುನಲ್ಲಿ ಸವಕಳಿ ಕಲಿತಿದ್ದೇವಲ್ಲ? ಸಿಸಿಎನ್ಎ ಮೂರು ವರ್ಷ ಚಾಲ್ತಿಯಲ್ಲಿರುತ್ತದೆ. 300 ಡಾಲರನ್ನು ಸಮಾನ ಕಂತಿನಲ್ಲಿ ಹಂಚಿದರೆ ವರ್ಷಕ್ಕೆ 100 ಡಾಲರ್ ಸವಕಳಿ. ಯಂತ್ರ ಓಡಿದರೂ ಓಡದಿದ್ದರೂ ಪುಸ್ತಕದಲ್ಲಿ ಸವಕಳಿ ಬರೆಯಲೇಬೇಕು. ಭಾಯಿಯ ಯಂತ್ರ ಈಗ ಮುಸುಕು ಹಾಕಿ ನಿಂತಿದೆ. ಕಲಿತ ವಿದ್ಯೆ ತಾರೀಖು ಮುಗಿದರೂ ಉಳಿಯುತ್ತದೆ, ನಿಜ. ಆದರೆ ಕಂಪನಿಯವರು ಆನ್‌ಲೈನ್‌ನಲ್ಲಿ ಪರಿಶೀಲಿಸಿದಾಗ ಕಾಣುವುದು ಆ ತಾರೀಖು.

ಮಾಮು ಮಾತಿಗೂ ಅರ್ಥಶಾಸ್ತ್ರದಲ್ಲಿ ಉತ್ತರ ಇದೆ. ಖರ್ಚಾಗಿ ಹೋದ ಹಣ ಮುಳುಗಿದ ವೆಚ್ಚ. ಅದನ್ನು ನೋಡಿ ಮುಂದಿನ ಖರ್ಚನ್ನು ತೀರ್ಮಾನ ಮಾಡಬಾರದು. ನೋಡಬೇಕಾದದ್ದು ಅವಕಾಶ ವೆಚ್ಚ, ಅಂದರೆ ಈ ಹಣವನ್ನು ಇಲ್ಲಿ ಹಾಕಿದರೆ ಕೈಬಿಟ್ಟು ಹೋಗುವುದು ಏನು ಎಂಬುದು. ಇಲ್ಲಿ ಕೈಬಿಡುವುದು ಒಬ್ಬ ಹುಡುಗಿಯ ಮೊದಲ ವರ್ಷದ ಫೀಸು. (ಈ ಮಾತನ್ನು ಮಾಮು ಎದುರಿಗೆ ನಾನು ಇಷ್ಟು ಜೋರಾಗಿ ಹೇಳಲಿಲ್ಲ.)

ಹಾಗಾದರೆ ದಾರಿಗಳು ಯಾವುವು? ‘ದೊಡ್ಡ ಪರೀಕ್ಷೆ’ ಅಂದರೆ ಸಿಸಿಎನ್‌ಪಿ. ಅದಕ್ಕೆ ಎರಡು ಪರೀಕ್ಷೆಗಳು. ಮೊದಲ ಮುಖ್ಯ ಪರೀಕ್ಷೆಗೇ 400 ಡಾಲರ್. ಸಿಸಿಎನ್ಎ ಆಗಿರಲೇಬೇಕೆಂಬ ನಿಯಮ ಇಲ್ಲ, ಯಾರು ಬೇಕಾದರೂ ಕಟ್ಟಬಹುದು. ಆದರೆ ಇದನ್ನು ಬರೆಯುವವರಿಗೆ ಸಾಮಾನ್ಯವಾಗಿ ಮೂರರಿಂದ ಐದು ವರ್ಷದ ಅನುಭವ ಇರುತ್ತದೆ ಎಂದು ಸಿಸ್ಕೋನೇ ಹೇಳುತ್ತದೆ. ಅನುಭವವಿಲ್ಲದೆ ಆ ಸನದು ಹಿಡಿದು ಹೋದವರಿಗೆ ಸಂದರ್ಶನದಲ್ಲಿ ‘ಯಾವ ಜಾಲ ನಿಭಾಯಿಸಿದ್ದೀರಿ?’ ಎಂದು ಕೇಳಿದರೆ ಹೇಳಲು ಏನಿರುತ್ತದೆ? ಒಂದು ಒಳ್ಳೆಯ ವಿಷಯವೂ ಇದೆ. ಆ ಮುಖ್ಯ ಪರೀಕ್ಷೆ ಪಾಸಾದರೆ ಹಳೆಯ ಸಿಸಿಎನ್ಎಯೂ ನವೀಕರಣವಾಗುತ್ತದೆ. ಅಂದಮೇಲೆ ಅದನ್ನು ಈಗಲೇ ಬರೆಯುವುದಕ್ಕಿಂತ ಮೂರನೇ ವರ್ಷದಲ್ಲಿ ಬರೆಯುವುದೇ ಲಾಭ. ಅಷ್ಟರಲ್ಲಿ ಅನುಭವವೂ ಆಗಿರುತ್ತದೆ. ಹಣವಿಲ್ಲದಿದ್ದರೆ ಸಿಸ್ಕೋ ಒಪ್ಪುವ ಕಲಿಕೆಯಿಂದ 30 ಕ್ರೆಡಿಟ್ ಗಳಿಸಿಯೂ ಸಿಸಿಎನ್ಎ ನವೀಕರಿಸಬಹುದು.

ಕ್ಲೌಡ್ ವಿಷಯ ಸ್ವಲ್ಪ ಬೇರೆ. ಅಮೆಜಾನ್‌ನ ಎಡಬ್ಲ್ಯೂಎಸ್ ಕ್ಲೌಡ್ ಪ್ರಾಕ್ಟೀಷನರ್ ಪರೀಕ್ಷೆಗೆ 100 ಡಾಲರ್, 90 ನಿಮಿಷ, 65 ಪ್ರಶ್ನೆ. ಐಟಿ ಹಿನ್ನೆಲೆ ಇಲ್ಲದವರೂ ಬರೆಯಬಹುದಾದದ್ದು. ಜಾಲದ ವಿಳಾಸಗಳನ್ನು ಭಾಗ ಮಾಡುವುದು, ದಾರಿ ತೋರಿಸುವುದು ಎಲ್ಲ ಗೊತ್ತಿರುವವರು ಮತ್ತೆ ಒಂದನೇ ಕ್ಲಾಸಿಗೆ ಏಕೆ ಕೂರಬೇಕು? ಅವರಿಗೆ 150 ಡಾಲರಿನ ಸೊಲ್ಯೂಷನ್ಸ್ ಆರ್ಕಿಟೆಕ್ಟ್ ಅಸೋಸಿಯೇಟ್ ಸರಿ, ಏಕೆಂದರೆ ಅದೇ ಸಬ್‌ನೆಟ್ ಅಲ್ಲಿಯೂ ಬರುತ್ತದೆ. ಇವೆರಡಕ್ಕೂ ಮೂರೇ ವರ್ಷ ಆಯಸ್ಸು. ಮೈಕ್ರೋಸಾಫ್ಟ್‌ನಲ್ಲಿ ‘ಫಂಡಮೆಂಟಲ್ಸ್’ ಹಂತದವು ಅವಧಿ ಮೀರುವುದಿಲ್ಲ. ಅಸೋಸಿಯೇಟ್ ಹಂತದವನ್ನು ಪ್ರತಿ ವರ್ಷ ಆನ್‌ಲೈನ್‌ನಲ್ಲಿ ಉಚಿತವಾಗಿ ನವೀಕರಿಸಬೇಕು. ದುಡ್ಡು ಕಟ್ಟುವ ಮೊದಲು ಇದನ್ನೆಲ್ಲ ಓದಿಕೊಳ್ಳಿ. ಟ್ಯೂಷನ್ ಸೆಂಟರಿನವರು ತಾವಾಗಿ ಹೇಳುವುದಿಲ್ಲ.

ಇನ್ನು ಮೂರನೆಯ ದಾರಿ ಕೆಲಸ. ನೆಟ್‌ವರ್ಕ್ ಆಪರೇಷನ್ಸ್ ಸೆಂಟರ್, ಬಾಯಿಮಾತಿನಲ್ಲಿ ‘ನಾಕ್’. ಅಲ್ಲಿ 24 ಗಂಟೆಯೂ ಪರದೆ ನೋಡುತ್ತಾ ಕೂರಬೇಕು. ಎಲ್ಲಾದರೂ ಸಂಪರ್ಕ ಬಿದ್ದರೆ ಟಿಕೆಟ್ ತೆರೆದು, ತನ್ನಿಂದಾಗದಿದ್ದರೆ ಮೇಲಿನವರಿಗೆ ಒಪ್ಪಿಸಬೇಕು. ಗಿರಾಕಿಗಳು ಅಮೆರಿಕದವರಾದರೆ ಅವರ ಹಗಲು ನಮ್ಮ ರಾತ್ರಿ, ಹಾಗಾಗಿ ರಾತ್ರಿ ಪಾಳಿ. ವೈಟ್‌ಫೀಲ್ಡ್ ಕಡೆಯ ಒಂದು ಕಂಪನಿಯಿಂದ ಭಾಯಿಗೆ ಕರೆ ಬಂದಿದೆ. ಸಂಬಳ ಅವರು ಅಂದುಕೊಂಡದ್ದಕ್ಕಿಂತ ಕಡಿಮೆ. ಆದರೆ ಸಿಸಿಎನ್ಎ ಕೇಳಿದ್ದಾರೆ, ಅನುಭವ ಕೇಳಿಲ್ಲ. ಅವರ ಮನೆ ಕೆ.ಆರ್. ಪುರದಲ್ಲಿ. 2023ರ ಅಕ್ಟೋಬರ್ 9ರಂದು ಬೈಯಪ್ಪನಹಳ್ಳಿ–ಕೆ.ಆರ್. ಪುರ ನಡುವಿನ ತುಂಡು ಸೇರಿ ನೇರಳೆ ಮಾರ್ಗ ಪೂರ್ಣವಾದ ಮೇಲೆ ಹಲಸೂರು, ಇಂದಿರಾನಗರದಿಂದಲೂ ವೈಟ್‌ಫೀಲ್ಡ್‌ಗೆ ಒಂದೇ ರೈಲು. ಆದರೆ ಮಧ್ಯರಾತ್ರಿ ಮೆಟ್ರೋ ಇರುವುದಿಲ್ಲ. ಕ್ಯಾಬ್ ಕೊಡುತ್ತೀರಾ ಎಂದು ಮೊದಲೇ ಕೇಳಬೇಕು. ಭಾಯಿ ಕೇಳಿದರು, ಕೊಡುತ್ತಾರಂತೆ. ನನ್ನ ಓಟು ಈ ದಾರಿಗೆ.

ಇದನ್ನೆಲ್ಲ ಓದಿ ‘ನಮಗೇನು, ನಾವು ಟ್ಯಾಲಿ ಕಲಿಯುವವರು’ ಅನ್ನಬೇಡಿ. ಟ್ಯಾಲಿ ನಮ್ಮ ಬೆಂಗಳೂರಿನದೇ. 1986ರಲ್ಲಿ ಶ್ಯಾಮ್ ಸುಂದರ್ ಗೋಯೆಂಕಾ ಅವರಿಗೆ ತಮ್ಮ ವ್ಯಾಪಾರದ ಲೆಕ್ಕಕ್ಕೆ ಸರಿಯಾದ ಸಾಫ್ಟ್‌ವೇರ್ ಸಿಗದೆ, ಗಣಿತ ಓದಿದ್ದ ಮಗ ಭರತ್ ಅವರಿಗೆ ಬರೆಯಲು ಹೇಳಿದರು. ಲೆಕ್ಕದ ಕಷ್ಟ ಗೊತ್ತಿದ್ದ ಮನೆಯಿಂದಲೇ ಆ ಸಾಫ್ಟ್‌ವೇರ್ ಬಂತು. ಟ್ಯಾಲಿ ಸನದು ಪಡೆದವರು ಮುಂದೆ ಮತ್ತೊಂದು ಸಾಫ್ಟ್‌ವೇರ್ ಹುಡುಕುವ ಬದಲು ಅಂಗಡಿಯವರಿಗೆ ಬಂದಿರುವ ಹೊಸ ಕೆಲಸ ನೋಡಬೇಕು. 2023ರ ಏಪ್ರಿಲ್ 1ರಿಂದ ಕಂಪನಿಗಳ ಲೆಕ್ಕದ ಸಾಫ್ಟ್‌ವೇರ್‌ನಲ್ಲಿ ಯಾರು, ಯಾವಾಗ, ಏನು ತಿದ್ದಿದರೆಂಬ ದಾಖಲೆ ಉಳಿಯಬೇಕು. ಅದೇ ವರ್ಷ ಆಗಸ್ಟ್ 1ರಿಂದ 5 ಕೋಟಿ ಮೀರಿದ ವಹಿವಾಟಿನವರು ಬೇರೆ ವ್ಯಾಪಾರಿಗಳಿಗೆ ಮಾರುವಾಗ ಇ-ಇನ್‌ವಾಯ್ಸ್ ಮಾಡಬೇಕು. ಕಮರ್ಷಿಯಲ್ ಸ್ಟ್ರೀಟ್‌ನಲ್ಲಿ ಇಂಥ ಕೆಲಸಕ್ಕೆ ಜನ ಬೇಕು. ಪ್ರೋಗ್ರಾಂ ಬರೆಯುವ ಆಸೆ ಇದ್ದರೆ ಟ್ಯಾಲಿಗೆ ಟಿಡಿಎಲ್ ಎಂಬ ತನ್ನದೇ ಭಾಷೆ ಇದೆ. ಗಿರಾಕಿಗೆ ಬೇಕಾದ ವರದಿ, ಬಿಲ್ಲಿನ ನಮೂನೆ ಅದರಲ್ಲಿ ಬರೆಯುತ್ತಾರೆ. ಡೆಬಿಟ್ ಕ್ರೆಡಿಟ್ ಗೊತ್ತಿರುವವರಿಗೆ ಅಲ್ಲಿ ಅರ್ಧ ದಾರಿ ಮುಗಿದಂತೆ. ನಾನು ಪರೀಕ್ಷೆ ಮುಗಿದ ಮೇಲಿನ ರಜೆಯಲ್ಲಿ ಅದನ್ನು ಶುರು ಮಾಡುತ್ತೇನೆ.

ಭಾಯಿ ಸೋಮವಾರ ರಾತ್ರಿ ಕೆಲಸಕ್ಕೆ ಸೇರುತ್ತಾರೆ. ಚೀಟಿ ಹಣ ಬಿಕಾಂಗೆ ಹೋಗುತ್ತದೆ. ಮುಖ್ಯ ಪರೀಕ್ಷೆಯ 400 ಡಾಲರನ್ನು ಅವರೇ ಸಂಬಳದಲ್ಲಿ ತಿಂಗಳು ತಿಂಗಳು ಎತ್ತಿಡುವುದೆಂದು ತೀರ್ಮಾನವಾಗಿದೆ. ಮಾಮು ಇನ್ನೂ ಒಪ್ಪಿಲ್ಲ.